ಹೊಗೆ ಮೊದಲು, ಸದ್ದು ಆಮೇಲೆ

ಫೆಬ್ರುವರಿ 3

ಮಾವ,

ಫೋನ್ ಮಾಡುವುದು ಬಿಟ್ಟು ಪತ್ರ ಯಾಕೆ ಎಂದು ಅತ್ತೆ ಕೇಳುತ್ತಾರೆ. ಫೋನಿನಲ್ಲಿ ನೀವು "ಹಾಂ, ಹೇಳು" ಮತ್ತು "ಸರಿ, ಇಡ್ಲಾ" ಇವೆರಡರ ನಡುವೆ ಏನನ್ನೂ ಹೇಳುವುದಿಲ್ಲ, ಅದಕ್ಕೆ. ಕಾಗದದ ಮುಂದೆ ಕೂತರೆ ಮಾತ್ರ ನಿಮ್ಮ ಬಾಯಿಯ ಬೀಗ ತೆಗೆಯುತ್ತದೆ ಎನ್ನುವುದು ನನಗೆ ಕ್ರೀಡಾ ಹಾಸ್ಟೆಲಿನ ದಿನಗಳಿಂದ ಗೊತ್ತು.

ನಾನು ಚೆನ್ನಾಗಿದ್ದೇನೆ. ಇಲ್ಲಿಯ ತರಬೇತಿ ಕೇಂದ್ರದಲ್ಲಿ ಮೂರನೆಯ ಮಹಡಿಯ ಕೋಣೆ, ಎರಡು ಮಂಚ, ಒಂದು ಐಸಿನ ಬಕೆಟ್ಟು. ಕಿಟಕಿ ತೆರೆದರೆ ಟ್ರ್ಯಾಕಿನ ತಿರುವು ಕಾಣುತ್ತದೆ. ಕೋಣೆಯಲ್ಲಿ ನನ್ನ ಜೊತೆಗಿರುವವಳು ಜಾವೆಲಿನ್ ಎಸೆಯುವವಳು. ನಿದ್ದೆಯಲ್ಲಿ ಅವಳ ಭಾಷೆಯಲ್ಲಿ ಯಾರಿಗೋ ಬೈಯುತ್ತಾಳೆ, ಎದ್ದಮೇಲೆ ನನ್ನ ಹತ್ತಿರ ಕ್ಷಮೆ ಕೇಳುತ್ತಾಳೆ. ಕೋಚ್ ಬಿಳಿಕೂದಲಿನ ಹೆಂಗಸು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅವರ ಬದಲಿಗೆ ಮಾತಾಡಲು ಒಬ್ಬನಿದ್ದಾನೆ. ಅವನನ್ನು ನಾವು ಅಳತೆಯವನು ಎನ್ನುತ್ತೇವೆ. ಕಾಲು, ಮೊಣಕಾಲು, ಉಸಿರು, ಎಲ್ಲಕ್ಕೂ ತಂತಿ ಸಿಕ್ಕಿಸಿ ಅಳೆಯುತ್ತಾನೆ.

ನಿನ್ನೆ ಅವನು ಒಂದು ಹಳೆಯ ಓಟದ ಚಿತ್ರ ತೋರಿಸಿದ. ಓಟ ಮುಗಿಯುವ ಗೆರೆಯಲ್ಲಿ ಸ್ಟಾಪ್‌ವಾಚು ಹಿಡಿದವರ ಸಾಲು. ಪಿಸ್ತೂಲಿನಿಂದ ಮೊದಲು ಬಿಳಿ ಹೊಗೆ ಏಳುತ್ತದೆ, ಇವರು ಆ ಹೊಗೆ ಕಂಡ ಕೂಡಲೇ ಗುಂಡಿ ಒತ್ತುತ್ತಾರೆ. ಸದ್ದಿಗೆ ಕಾದರೆ ಕೆಟ್ಟರು. ಅದು ನೂರು ಮೀಟರ್ ದಾಟಿ ಕಿವಿಗೆ ಬೀಳುವಷ್ಟರಲ್ಲಿ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಕಳೆದಿರುತ್ತದೆಯಂತೆ. ಓಟದ ನಡುವೆ ಅಷ್ಟು ಹೊತ್ತಿನಲ್ಲಿ ನಾನು ಎರಡೂವರೆ ಮೀಟರ್ ದಾಟುತ್ತೇನೆ. ನನಗೆ ನಗು ಬಂತು. ನಮ್ಮ ಊರಿನ ಮೈದಾನ, ಟೋಪಿ ಹಾಕಿಕೊಂಡು ಓಟ ಮುಗಿಯುವ ಗೆರೆಯಲ್ಲಿ ಸ್ಟಾಪ್‌ವಾಚು ಹಿಡಿದು ನಿಂತ ನೀವು, ಎಲ್ಲಾ ಕಣ್ಣ ಮುಂದೆ ಬಂತು. ನೀವು ಹೊಗೆ ನೋಡಿಯೇ ಒತ್ತುತ್ತಿದ್ದಿರಿ ತಾನೆ?

ಮಿಡತೆ

ಫೆಬ್ರುವರಿ 21

ಮಿಡತೆ ಮಹಾರಾಣಿಗೆ,

ನಿನ್ನ ಪತ್ರ ಓದಿ ನಿನ್ನ ಅತ್ತೆಗೂ ಓದಿ ಹೇಳಿದೆ. ಜಾವೆಲಿನ್ನಿನವಳು ನಿದ್ದೆಯಲ್ಲಿ ಎದ್ದು ಏನನ್ನೂ ಎಸೆಯದಿದ್ದರೆ ಸಾಕು ಎಂದಳು.

ಇಲ್ಲಿ ವಿಶೇಷವೆಂದರೆ ಬ್ಯಾಂಕಿನ ಗೋಡೆ ಗಡಿಯಾರ ನನ್ನ ಅಂಗಡಿಗೆ ಬಂದಿದೆ. ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತಿತ್ತು. ಮ್ಯಾನೇಜರು ಸರಿ ಮಾಡಿ ಎಂದು ಬಿಟ್ಟುಹೋದರು. ಅವರು ಬೀದಿ ದಾಟುವುದರೊಳಗೆ ಇಬ್ಬರು ಗುಮಾಸ್ತರು ಬಂದು, "ಸರಿ ಮಾಡಿ ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ, ಅದೊಂದೇ ನಮ್ಮನ್ನ ಟೈಮಿಗೆ ಮನೆಗೆ ಕಳಿಸ್ತಿರೋದು" ಎಂದು ಬೇಡಿಕೊಂಡರು. ಗಡಿಯಾರ ಬಿಚ್ಚಿಟ್ಟುಕೊಂಡು ಮೂರು ದಿನದಿಂದ ಧರ್ಮಸಂಕಟದಲ್ಲಿದ್ದೇನೆ.

ನಿನ್ನ ಹಳೆಯ ಮೊಣಕಾಲು ನೋವಿಗೆ ಏನು ಹಚ್ಚುತ್ತಿದ್ದೀ? ಆಗಸ್ಟಿನ ಸ್ಪರ್ಧೆಗೆ ನೀನು ಆಯ್ಕೆಯಾದದ್ದು ಪತ್ರಿಕೆಯಲ್ಲಿ ಬಂದಿತ್ತು. ಖಂಡಕ್ಕೆಲ್ಲಾ ಸೇರಿ ಇಪ್ಪತ್ತನಾಲ್ಕು ಜನ, ಅದರಲ್ಲಿ ನಮ್ಮ ಮನೆಯವಳು ಒಬ್ಬಳು. ಕತ್ತರಿಸಿ ಗಾಜಿನ ಕೆಳಗೆ ಇಟ್ಟಿದ್ದೇನೆ.

ಮಾವ

ಮಾರ್ಚ್ 8

ಮಾವ,

ಗುಮಾಸ್ತರ ಕಥೆಗೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆದರೆ ನಾನು ಕೇಳಿದ್ದು ಒಂದು, ನೀವು ಅದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲಾ ಹೇಳಿದ್ದೀರಿ.

ನನ್ನ ಸಾಮಾನಿನಲ್ಲಿ ಒಂದು ಫೋಟೋ ಇದೆ. ಹದಿಮೂರು ವರ್ಷದ ಹಿಂದಿನ ಓಟ, ಹಾಸ್ಟೆಲಿಗೆ ಆಯ್ಕೆಯ ದಿನ. ಆರಂಭದ ಗೆರೆಯಲ್ಲಿ ಹೊಗೆ ಎದ್ದಿದೆ, ನಾವು ಆರು ಹುಡುಗಿಯರು ಆಗಷ್ಟೇ ನೆಲ ಬಿಟ್ಟಿದ್ದೇವೆ. ಈ ಕಡೆಯ ಕೊನೆಯಲ್ಲಿ ನೀವು. ನಿಮ್ಮ ಕಣ್ಣು ಮುಚ್ಚಿದೆ. ಫೋಟೋ ತೆಗೆದವನಿಗೆ ಕೈ ಸರಿಯಿಲ್ಲ, ರೆಪ್ಪೆ ಬಡಿಯುವಾಗಲೇ ಒತ್ತಿದ್ದಾನೆ ಎಂದು ಮನೆಮಂದಿಯೆಲ್ಲಾ ಅವನನ್ನು ಬೈದಿದ್ದೆವು. ನಿನ್ನೆ ಅಳತೆಯವನ ಭೂತಗನ್ನಡಿ ತಂದು ನೋಡಿದೆ. ರೆಪ್ಪೆ ಬಡಿಯುವವರು ಹುಬ್ಬು ಗಂಟಿಕ್ಕುವುದಿಲ್ಲ.

ನೀವು ಕಣ್ಣು ಮುಚ್ಚಿಕೊಂಡು ನಿಂತಿದ್ದಿರಾ? ಬೈಯುವುದಕ್ಕೆ ಕೇಳುತ್ತಿಲ್ಲ. ತಲೆಯೊಳಗೆ ಹುಳ ಹೊಕ್ಕಿದೆ.

ಮಿಡತೆ

ಮಾರ್ಚ್ 29

ಮಿಡತೆ,

ಹೌದು, ಕಣ್ಣು ಮುಚ್ಚಿಕೊಂಡಿದ್ದೆ.

ಗಡಿಯಾರ ರಿಪೇರಿಯವನು ಕಣ್ಣಿನಿಂದ ಬದುಕುತ್ತಾನೆ ಎಂದು ಜನ ತಿಳಿಯುತ್ತಾರೆ. ಕಣ್ಣು ಗೀರು ಹುಡುಕುತ್ತದೆ, ಅಷ್ಟೆ. ರೋಗ ಹಿಡಿಯುವುದು ಕಿವಿ. ಟಿಕ್ ಮತ್ತು ಟಿಕ್ ನಡುವೆ ಕೂದಲೆಳೆಯ ಕುಂಟುವಿಕೆ ಇದ್ದರೂ ನನಗೆ ಕೇಳುತ್ತದೆ, ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿ ಕೇಳುತ್ತದೆ. ಆ ದಿನ ಊರಿನಲ್ಲಿ ಕೆಟ್ಟಿಲ್ಲದ ಸ್ಟಾಪ್‌ವಾಚು ಇದ್ದದ್ದು ನನ್ನದೊಂದೇ. ಅದಕ್ಕೇ ನನ್ನನ್ನು ಕರೆದರು. ಸಮಯ ಹಿಡಿಯುವುದು ಹೇಗೆಂದು ನನಗೆ ಹೇಳಿಕೊಡುವ ಧೈರ್ಯ ಯಾರಿಗೂ ಇರಲಿಲ್ಲ, ಕೇಳುವ ಬುದ್ಧಿ ನನಗೂ ಇರಲಿಲ್ಲ. ಸದ್ದು ಕಿವಿಗೆ ಬಿತ್ತು, ಒತ್ತಿದೆ, ಕಣ್ಣು ತೆರೆದೆ, ನೀನು ಎಲ್ಲರಿಗಿಂತ ಮುಂದೆ ಬರುತ್ತಿದ್ದೆ. ಹೊಗೆಯ ವಿಚಾರ ಆಮೇಲೆ ಯಾರೋ ಹೇಳಿದಾಗ ತಿಳಿಯಿತು.

ನೀನು ಮೊದಲು ಬಂದದ್ದಂತೂ ನಿಜ. ಅದಕ್ಕೆ ಗಡಿಯಾರ ಬೇಕಾಗಿರಲಿಲ್ಲ. ಈಗ ಹುಳವನ್ನು ಹೊರಗೆ ಬಿಡು, ಕಾಲಿನ ಕಡೆ ಗಮನ ಕೊಡು.

ಮಾವ

ಏಪ್ರಿಲ್ 17

ಮಾವ,

ಗಡಿಯಾರ ಬೇಕಾಗಿತ್ತು. ನಮ್ಮ ಊರಿನಲ್ಲಿ ಮೊದಲು ಬಂದದ್ದಕ್ಕೆ ನನ್ನನ್ನು ಹಾಸ್ಟೆಲಿಗೆ ತೆಗೆದುಕೊಳ್ಳಲಿಲ್ಲ. ಹನ್ನೆರಡು ಊರುಗಳ ಸಮಯಗಳನ್ನು ಒಂದು ಮೇಜಿನ ಮೇಲೆ ಹರಡಿ, ಮೇಲಿನ ಎಂಟನ್ನು ಆರಿಸಿದರು.

ಹಾಸ್ಟೆಲಿನ ಹಳೆಯ ಗುಮಾಸ್ತೆಗೆ ಬರೆದು ಆ ಪಟ್ಟಿಯ ನಕಲು ತರಿಸಿಕೊಂಡೆ. ಎಂಟನೆಯ ಹೆಸರು ನನ್ನದು, 12.6 ಸೆಕೆಂಡು. ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ಒಂಬತ್ತನೆಯ ಹೆಸರು, 12.8. ನಿಮ್ಮ ಕಿವಿ ಕಾದ ಹೊತ್ತನ್ನು ಸೇರಿಸಿದರೆ ನಾನು 12.9. ಹಾಸ್ಟೆಲಿಗೆ ಹೋದ ಹೊಸದರಲ್ಲಿ ನನಗೆ ಎಷ್ಟು ಒದ್ದಾಡಿದರೂ 12.6 ಬರುತ್ತಿರಲಿಲ್ಲ, ನೆನಪಿದೆಯಾ? ಅಲ್ಲಿಯ ಮೇಷ್ಟ್ರು "ಊಟ ಸೇರ್ತಿಲ್ವಾ ನಿಂಗೆ?" ಎಂದು ದಿನಾ ಕೇಳುತ್ತಿದ್ದರು. ನಾನು ಆರು ತಿಂಗಳು ಅದು ಮನೆ ಬಿಟ್ಟು ಬಂದ ಬೇಜಾರು ಎಂದುಕೊಂಡಿದ್ದೆ.

ಬೇರೆ ಊರುಗಳಲ್ಲೂ ಯಾರಾದರೂ ತಪ್ಪು ಒತ್ತಿರಬಹುದು ಎಂದು ನೀವು ಬರೆಯುತ್ತೀರಿ, ನನಗೆ ಗೊತ್ತು. ಇರಬಹುದು. ನನಗೆ ತಿಳಿದಿರುವುದು ಇದೊಂದೇ.

ಒಂಬತ್ತನೆಯವಳ ಹೆಸರು, ಅವಳ ಶಾಲೆ, ಎರಡನ್ನೂ ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಆ ಊರು ನಿಮಗೆ ಬಸ್ಸಿನಲ್ಲಿ ನಾಲ್ಕು ಗಂಟೆ. ಅವಳು ಏನಾದಳು? ಆಮೇಲೆ ಎಲ್ಲಾದರೂ ಓಡಿದಳಾ? ಹುಡುಕಿ ಹೇಳಿ. ನಾನು ಆರಂಭದ ಗೆರೆಯ ಬ್ಲಾಕಿನಲ್ಲಿ ಕಾಲಿಟ್ಟು ಬಗ್ಗಿದಾಗಲೆಲ್ಲಾ ಪಕ್ಕದ ಲೇನಿನಲ್ಲಿ ಅವಳು ಕೂತಿದ್ದಾಳೆ ಎನಿಸುತ್ತದೆ, ಮುಖ ಮಾತ್ರ ಗೊತ್ತಿಲ್ಲ. ಆಗಸ್ಟಿಗೆ ಮುಂಚೆ ನನಗೆ ತಿಳಿಯಬೇಕು, ನಾನು ಇಷ್ಟು ವರ್ಷ ಓಡಿದ್ದು ನನ್ನ ಜಾಗದಲ್ಲೋ ಇನ್ನೊಬ್ಬಳ ಜಾಗದಲ್ಲೋ ಎಂದು.

ಮಿಡತೆ

ಮೇ 24

ಮಿಡತೆ,

ತಡವಾಯಿತು. ಶಾಲೆಯಲ್ಲಿ ವಿಚಾರಿಸಿ, ಅಲ್ಲಿಂದ ಅವಳ ಅಣ್ಣನ ಗ್ಯಾರೇಜು ಹುಡುಕಿ, ಅಲ್ಲಿಂದ ಅವಳಿರುವಲ್ಲಿಗೆ ಹೋಗಿಬಂದೆ.

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ. ಎತ್ತರದ ಹೆಂಗಸು, ಕತ್ತರಿಸಿದ ಕೂದಲು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ನೇರವಾಗಿ ಹೋಗಿ ಮಾತಾಡಿಸುವುದು ಹೇಗೆಂದು ತಿಳಿಯದೆ, ಕೆಮ್ಮು ಎಂದು ಸುಳ್ಳು ಹೇಳಿ ಚೀಟಿ ಬರೆಸಿಕೊಂಡು ಸಾಲಿನಲ್ಲಿ ನಿಂತೆ. ಅವಳು ನನ್ನ ಭುಜ ಹಿಡಿದು ಹಲಗೆಗೆ ಒತ್ತಿ ನಿಲ್ಲಿಸಿ, ಪಕ್ಕದ ಕೋಣೆಗೆ ಹೋಗಿ, "ಉಸಿರು ಎಳ್ಕೊಳಿ, ಹಿಡ್ಕೊಳಿ, ಅಲ್ಲಾಡ್ಬೇಡಿ" ಎಂದಳು. ನಾನು ಅಲ್ಲಾಡಿದೆನಂತೆ. "ಏನ್ ಯಜಮಾನ್ರೇ, ಎರಡು ಸೆಕೆಂಡ್ ನಿಂತ್ಕೊಳಕ್ಕಾಗಲ್ವಾ?" ಎಂದು ಎರಡನೆಯ ಸಲ ತೆಗೆದಳು.

ನನ್ನ ಎದೆ ಶುದ್ಧವಾಗಿದೆ. ಅವಳೂ ನೆಮ್ಮದಿಯಾಗಿದ್ದಾಳೆ, ಒಳ್ಳೆಯ ಕೆಲಸ, ಗೌರವ ಇದೆ. ಓಡುತ್ತಿಲ್ಲ. ಇಷ್ಟು ತಿಳಿದರೆ ಸಾಕಲ್ಲವೇ?

ಮಾವ

ಜೂನ್ 11

ಮಾವ,

ಅಂದರೆ ನೀವು ಅವರಿಗೆ ಹೇಳಲೇ ಇಲ್ಲ. ನಾಲ್ಕು ಗಂಟೆ ಹೋಗಿ, ಎದೆಯ ಫೋಟೋ ತೆಗೆಸಿಕೊಂಡು, ನಾಲ್ಕು ಗಂಟೆ ವಾಪಸು ಬಂದಿರಿ. ಬೇರೆಯವರ ಮಾವ ಮಾಡಿದ್ದರೆ ನಕ್ಕು ಸಾಯುತ್ತಿದ್ದೆ.

ನನ್ನ ಸ್ಟಾರ್ಟ್ ಕೆಟ್ಟಿದೆ. ಸದ್ದಾದ ಮೇಲೆ ಕಾಲು ಬ್ಲಾಕಿನ ಹಲಗೆಯನ್ನು ಒತ್ತುವುದಕ್ಕೆ ಮುಂಚೆ ನನಗೆ 0.15 ಸೆಕೆಂಡು ಬೇಕಿತ್ತು, ಈಗ 0.21. ಕೋಚ್ ಇವತ್ತಿನ ಪಾಲಿನ ಹತ್ತು ಮಾತಿನಲ್ಲಿ ಆರನ್ನು ಇದಕ್ಕೇ ಖರ್ಚು ಮಾಡಿದರು: "ನೀನು ಯಾವುದನ್ನೋ ಕೇಳುತ್ತಾ ಕೂತಿದ್ದೀಯ, ಪಿಸ್ತೂಲನ್ನು ಅಲ್ಲ." ಹೀಗೇ ಆದರೆ ಆಗಸ್ಟಿನಲ್ಲಿ ಮೊದಲ ಸುತ್ತಿಗೇ ಮನೆ.

ಕೂತು ಕೂತು ನಿಮ್ಮ ಮಾರ್ಚಿನ ಪತ್ರವನ್ನು ಮತ್ತೆ ಓದಿದೆ. ಹೊಗೆಯ ವಿಚಾರ "ಆಮೇಲೆ ಯಾರೋ ಹೇಳಿದಾಗ" ತಿಳಿಯಿತು ಎಂದಿದ್ದೀರಿ. ಯಾರು ಹೇಳಿದ್ದು? ಆಮೇಲೆ ಎಂದರೆ ಯಾವಾಗ?

ಮಿಡತೆ

ಜುಲೈ 6

ಮಿಡತೆ,

ಈ ಪತ್ರವನ್ನು ನಾಲ್ಕು ಸಲ ಹರಿದು ಹಾಕಿ ಬರೆಯುತ್ತಿದ್ದೇನೆ. ನಿನ್ನ ಅತ್ತೆಗೆ ಓದಿ ಹೇಳಿಲ್ಲ.

ಆಮೇಲೆ ಎಂದರೆ ಎರಡು ದಿನದ ಮೇಲೆ. ಹೇಳಿದವರು ನಿಮ್ಮ ಶಾಲೆಯ ಚಿತ್ರಕಲೆಯ ಮೇಷ್ಟ್ರು, ಆ ಕ್ರೀಡಾಕೂಟದ ಕಾರ್ಯದರ್ಶಿ. ಕೈಗಡಿಯಾರದ ಪಟ್ಟಿ ಹಾಕಿಸಿಕೊಳ್ಳಲು ಅಂಗಡಿಗೆ ಬಂದು ಕೂತು, ಮಾತಿಗೆ ಮಾತು ಬಂದು, "ಹೊಗೆ ಸರಿಯಾಗಿ ಕಾಣ್ತಿತ್ತಾ? ಬಿಸಿಲು ಎದುರಿಗಿತ್ತಲ್ಲ" ಎಂದು ಕೇಳಿದರು. ಯಾವ ಹೊಗೆ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಎಲ್ಲವನ್ನೂ ವಿವರಿಸಿದರು. ಸಮಯಗಳ ಹಾಳೆ ಅವರ ಚೀಲದಲ್ಲೇ ಇತ್ತು, ಮಾರನೆಯ ದಿನ ಅಂಚೆಗೆ ಹಾಕುವವರಿದ್ದರು. ಒಂದು ಮಾತು ಸಾಕಿತ್ತು. ನಾನು "ಚೆನ್ನಾಗಿ ಕಾಣ್ತಿತ್ತು" ಎಂದೆ.

ನಿನಗಾಗಿ ಹಾಗೆ ಮಾಡಿದೆ ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ. ನಾಲ್ಕು ಹಾಳೆಗಳಲ್ಲಿ ಹಾಗೆಯೇ ಬರೆದಿದ್ದೆ, ಅದಕ್ಕೇ ಹರಿದೆ. ಆ ಹೊತ್ತಿನಲ್ಲಿ ನಿನ್ನ ನೆನಪೇ ನನಗೆ ಬರಲಿಲ್ಲ. ಗಡಿಯಾರದವನಿಗೆ ಗಡಿಯಾರ ಒತ್ತಲು ಬರುವುದಿಲ್ಲ ಎಂದು ಊರು ಆಡಿಕೊಳ್ಳುತ್ತದೆ ಎನ್ನುವುದೊಂದೇ ತಲೆಯಲ್ಲಿತ್ತು. ನನ್ನ ಮೂಗು ನೆಟ್ಟಗಿರಲಿ ಎಂದು ಸುಳ್ಳು ಹೇಳಿದೆ. ನೀನು ಆಯ್ಕೆಯಾದೆ ಎಂದು ಪತ್ರ ಬಂದಾಗ ಆ ಸುಳ್ಳಿಗೆ ಒಂದು ಒಳ್ಳೆಯ ಹೆಸರು ಸಿಕ್ಕಿತು, ನಾನು ಅದನ್ನು ಹದಿಮೂರು ವರ್ಷ ಇಟ್ಟುಕೊಂಡೆ.

ಆ ಹೆಂಗಸು ನನ್ನ ಭುಜ ಹಿಡಿದು ನಿಲ್ಲಿಸಿದಾಗ ಹೇಳಬೇಕೆಂದೇ ಹೋಗಿದ್ದೆ. ಅಲ್ಲಾಡಿದ್ದು ಅದಕ್ಕೇ.

ಮಾವ

ಜುಲೈ 22

ಮಾವ,

ನನಗೆ ಕೋಪ ಬಂದಿದೆ. ನಿಮ್ಮ ಮೇಲಿನ ಪ್ರೀತಿ ಇದ್ದ ಹಾಗೇ ಇದೆ, ಅದು ಇರುವುದರಿಂದಲೇ ಕೋಪ ಹೆಚ್ಚಾಗಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಏನು ಮಾಡುವುದೆಂದು ನನಗೆ ತಿಳಿಯುತ್ತಿಲ್ಲ.

ಅವರಿಗೆ ಹೇಳಿ. ಈ ಸಲ ಕೆಮ್ಮಿನ ಚೀಟಿ ಬೇಡ. ನನ್ನ ಮೊದಲ ಸುತ್ತು ಆಗಸ್ಟ್ 19ಕ್ಕೆ. ಅದಕ್ಕೆ ಮುಂಚೆ ಅವರು ಏನೇ ಅಂದರೂ, ಬೈದರೂ, ಅಂದದ್ದನ್ನು ಅಂದ ಹಾಗೇ ಬರೆದು ಬೇಗದ ಅಂಚೆಯಲ್ಲಿ ಕಳಿಸಿ.

ಮಿಡತೆ

ಆಗಸ್ಟ್ 9

ಮಿಡತೆ,

ಹೇಳಿದೆ. ಅವಳ ಕೆಲಸ ಮುಗಿಯುವವರೆಗೆ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕಾದಿದ್ದು, ಅಲ್ಲೇ ಕೂರಿಸಿಕೊಂಡು, ಹೊಗೆಯಿಂದ ಹಿಡಿದು ಮೇಷ್ಟ್ರ ಚೀಲದವರೆಗೆ ಒಂದನ್ನೂ ಬಿಡದೆ ಹೇಳಿದೆ. ಅಂದದ್ದನ್ನು ಅಂದ ಹಾಗೇ ಬರೆ ಎಂದಿದ್ದೀ, ಬರೆಯುತ್ತೇನೆ.

ಕುತ್ತಿಗೆಯಲ್ಲಿದ್ದ ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದಳು. ಆಮೇಲೆ, "ಎಷ್ಟಂದ್ರಿ ನಂದು? ಹನ್ನೆರಡು ಎಂಟಾ?" ಎಂದಳು. ಅವಳ ಸಮಯ ಅವಳಿಗೆ ಯಾರೂ ಹೇಳಿಯೇ ಇರಲಿಲ್ಲವಂತೆ. ಆಯ್ಕೆಯಾಗಿಲ್ಲ ಎಂದು ಒಂದು ಸಾಲು ಶಾಲೆಗೆ ಬಂದಿತ್ತು, ಅಷ್ಟೆ. "ನಾನು ಎಲ್ಲೋ ಮೂವತ್ತನೇವ್ಳೋ ನಲವತ್ತನೇವ್ಳೋ ಇರ್ಬೇಕು ಅನ್ಕೊಂಡಿದ್ದೆ" ಎಂದಳು.

ಕ್ಷಮೆ ಕೇಳಿದೆ. "ಅದು ನನ್ನ ಹತ್ರ ಇಲ್ಲ ಯಜಮಾನ್ರೇ. ಇವತ್ತಂತೂ ಇಲ್ಲ. ನೀವು ಹೇಳಿ ಹಗುರ ಆದ್ರಿ, ಈಗ ಮನೆಗೆ ಹೊತ್ಕೊಂಡ್ ಹೋಗೋಳು ನಾನು" ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ನಾನು ಎದ್ದೆ. ಬಸ್ ನಿಲ್ದಾಣದವರೆಗೆ ಹಿಂದೆಯೇ ಬಂದಳು. ನಿನ್ನ ಓಟವನ್ನು ಟಿ.ವಿ.ಯಲ್ಲಿ ನೋಡಿದ್ದಾಳಂತೆ. "ಅವಳ ಮೇಲೆ ನಂಗೇನಿಲ್ಲ. ಹದಿನಾಲ್ಕು ವರ್ಷದ ಹುಡುಗಿ, ಅವಳೇನ್ ಮಾಡಿದ್ಲು, ಓಡಿದ್ಲು" ಎಂದಳು. ಬಸ್ಸು ಬಂತು. ನಾನು ಮೆಟ್ಟಿಲು ಹತ್ತುವಾಗ ತೋಳು ಹಿಡಿದು ಕೇಳಿದಳು: "ಅವಳನ್ನ ಒಂದ್ ಮಾತು ಕೇಳಿ. ಎಂಬತ್ತು ಮೀಟ್ರು ದಾಟಿದ್ಮೇಲೆ ಏನಾಗತ್ತೆ ಅವಳಿಗೆ? ನಂಗೆ ಅಲ್ಲಿಗೆ ಬಂದ್ರೆ ಕಾಲು ನನ್ದೇ ಅಲ್ಲ ಅನ್ಸೋದು. ಎಷ್ಟು ತಿಣುಕಿದ್ರೂ ಮುಂದಕ್ಕೆ ಹೋಗ್ತಿರ್ಲಿಲ್ಲ. ಅದಕ್ಕೇ ಬಿಟ್ಬಿಟ್ಟೆ. ಗಟ್ಟಿ ಇರೋರು ಅಲ್ಲಿ ಏನ್ ಮಾಡ್ತಾರೆ ಅಂತ ಗೊತ್ತಾಗ್ಬೇಕು ನಂಗೆ."

ಇಷ್ಟೇ ಮಿಡತೆ. ಒಂದಕ್ಷರ ಸೇರಿಸಿಲ್ಲ, ಬಿಟ್ಟಿಲ್ಲ.

ಮಾವ

ಆಗಸ್ಟ್ 23

ಮಾವ,

ಪತ್ರ ಹದಿನೇಳಕ್ಕೇ ಸಿಕ್ಕಿತು. ಮೊದಲ ಸುತ್ತು ದಾಟಿದೆ, ಸೆಮಿಫೈನಲ್ ದಾಟಿದೆ, ಫೈನಲಿನಲ್ಲಿ ಐದನೆಯವಳಾದೆ. 11.38. ಇದಕ್ಕಿಂತ ವೇಗವಾಗಿ ನಾನು ಎಂದೂ ಓಡಿಲ್ಲ. ಕೋಚ್ ನನ್ನ ಬೆನ್ನಿನ ಮೇಲೆ ಕೈಯಿಟ್ಟು ಒಂದು ಮಾತೂ ಆಡಲಿಲ್ಲ, ಅವರ ಲೆಕ್ಕದಲ್ಲಿ ಅದು ಭಾಷಣ.

ಅದು ನನ್ನ ಜಾಗ ಎಂದು ನಿಶ್ಚಯವಾಗಿ ಓಡಿದೆ ಎಂದು ತಿಳಿಯಬೇಡಿ. ಅದು ಅವರ ಜಾಗವೇ, ಪಟ್ಟಿಯಲ್ಲಿ ಕಾಣುತ್ತದೆ. ನಾನು ಆಮೇಲೆ ಪಟ್ಟ ಶ್ರಮ ನನ್ನದು, ಅದನ್ನು ಯಾರಿಂದಲೂ ಕಸಿದುಕೊಂಡಿಲ್ಲ. ಈ ಎರಡು ಮಾತೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಬ್ಲಾಕಿನಲ್ಲಿ ಬಗ್ಗಿದಾಗ ಈ ಸಲ ಹೆದರಿಕೆಯಾಗಲಿಲ್ಲ. ಅವರ ಪ್ರಶ್ನೆ ಇತ್ತಲ್ಲ, ಎಂಬತ್ತರ ಗೆರೆ ಬಂದಾಗ ಸರಿಯಾಗಿ ಗಮನಿಸಬೇಕು ಎಂಬ ಕುತೂಹಲವೇ ತುಂಬಿಕೊಂಡಿತ್ತು. ಇಷ್ಟು ವರ್ಷದಲ್ಲಿ ಪತ್ರಿಕೆಯವರು ನನ್ನನ್ನು ಏನೇನೋ ಕೇಳಿದ್ದಾರೆ, ಓಟದ ಬಗ್ಗೆ ಕೇಳಿದವರು ಅವರೊಬ್ಬರೇ.

ಉತ್ತರ ಬರೆಯುತ್ತೇನೆ, ನೀವು ಬಸ್ಸು ಹತ್ತಿ ಹೋಗಿ ಅವರಿಗೆ ಓದಿ ಹೇಳಿ. ಅವರು ಬಾಗಿಲು ಹಾಕಿಕೊಂಡರೆ ಬೆಂಚಿನ ಮೇಲೆ ಕಾಯಿರಿ.

ಎಂಬತ್ತು ದಾಟಿದ ಮೇಲೆ ನನಗೂ ಕಾಲು ನನ್ನದಲ್ಲ ಎನಿಸುತ್ತದೆ. ಮೊನ್ನೆಯೂ ಹಾಗೇ ಆಯಿತು. ಗೆದ್ದವಳನ್ನು ಓಟ ಮುಗಿದ ಮೇಲೆ ಕೇಳಿದೆ, ಅವಳಿಗೂ ಹಾಗೇ ಅಂತೆ. ಅರವತ್ತು, ಎಪ್ಪತ್ತು ಮೀಟರಿನ ಆಚೆ ಯಾರೂ ವೇಗ ಹೆಚ್ಚಿಸಿಕೊಳ್ಳುವುದಿಲ್ಲ, ಯಾರಿಗೂ ಆಗುವುದಿಲ್ಲ. ಎಲ್ಲರೂ ನಿಧಾನವಾಗುತ್ತಾ ಹೋಗುತ್ತಾರೆ, ಎಲ್ಲರಿಗಿಂತ ಕಡಿಮೆ ನಿಧಾನವಾದವಳು ಗೆಲ್ಲುತ್ತಾಳೆ. ಅಲ್ಲಿ ತಿಣುಕಬಾರದು. ಭುಜ ಸಡಿಲ ಬಿಟ್ಟು, ದವಡೆ ಸಡಿಲ ಬಿಟ್ಟು, ಕಾಲನ್ನು ಅದರ ಪಾಡಿಗೆ ಬಿಡಬೇಕು. ನಿಮ್ಮ ಕಾಲಿನಲ್ಲಿ ಏನೂ ಕೊರತೆ ಇರಲಿಲ್ಲ ಎಂದು ಅವರಿಗೆ ಹೇಳಿ.

ಇದು ದೊಡ್ಡ ಗುಟ್ಟೇನಲ್ಲ, ಅದನ್ನೂ ಹೇಳಿಬಿಡಿ. ಹಾಸ್ಟೆಲಿನಲ್ಲಿ ಮೂರನೆಯ ದಿನವೇ ಮೇಷ್ಟ್ರು ನಮ್ಮ ಎಂಟು ಜನರನ್ನು ನೆಲದ ಮೇಲೆ ಕೂರಿಸಿ ಹೇಳಿಕೊಟ್ಟರು. ಅವತ್ತು ನಾನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ. ಮನೆಗೆ ಹೋಗಬೇಕೆಂದು ಅಳುತ್ತಿದ್ದೆ.

ಮಿಡತೆ